ಮೆತೂಷೆಲಹನ ಮರಣವರ್ಷ

ಯೆಹೂದ್ಯರ ಆದಿಕಾಂಡದ ಐದನೆಯ ಅಧ್ಯಾಯದಲ್ಲಿ ಆದಾಮನು ಮೊದಲ್ಗೊಂಡು ನೋಹನವರೆಗೆ ಹತ್ತು ತಲೆಮಾರುಗಳ ವಂಶಾವಳಿಯುಂಟು. ಒಬ್ಬೊಬ್ಬನೂ ಎಷ್ಟನೆಯ ವಯಸ್ಸಿನಲ್ಲಿ ಮಗನನ್ನು ಪಡೆದನು, ಒಟ್ಟು ಎಷ್ಟು ವರ್ಷ ಬಾಳಿದನು ಎಂಬ ಅಂಕೆಗಳೇ ಅಲ್ಲಿ ತುಂಬಿರುವುದರಿಂದ ವಾಚಕರು ಸಾಮಾನ್ಯವಾಗಿ ಆ ಪುಟವನ್ನು ದಾಟಿ ಜಲಪ್ರಳಯದ ಕಥೆಗೆ ಹೋಗುವರು. ಆದರೆ ಅಂಕೆಗಳನ್ನು ಕೂಡಿಸಿ ನೋಡುವ ತಾಳ್ಮೆಯುಳ್ಳವರಿಗೆ ಅಲ್ಲೊಂದು ತೊಡಕು ಕಾಣುವುದು.

ಎಂಟನೆಯವನಾದ ಮೆತೂಷೆಲಹನು 969 ವರ್ಷ ಬಾಳಿ ಎಲ್ಲರಿಗಿಂತಲೂ ದೀರ್ಘಾಯುವೆನಿಸಿದನು. ಹೀಬ್ರೂ ಪಾಠದಂತೆ ಅವನ 187ನೆಯ ವರ್ಷದಲ್ಲಿ ಲೆಮೆಕನೂ, ಲೆಮೆಕನ 182ನೆಯ ವರ್ಷದಲ್ಲಿ ನೋಹನೂ ಹುಟ್ಟಿದರು. ನೋಹನ 600ನೆಯ ವರ್ಷದಲ್ಲಿ ಪ್ರಳಯವಾಯಿತು. ಮೂರನ್ನೂ ಕೂಡಿಸಿದರೆ ಸರಿಯಾಗಿ 969! ಎಂದರೆ ಆ ವೃದ್ಧನು ಪ್ರಳಯದ ವರ್ಷದಲ್ಲಿಯೇ ತೀರಿಕೊಂಡನು. ನೀರಿನಲ್ಲಿ ಮುಳುಗಿಯೋ, ಅದಕ್ಕೆ ಮುನ್ನವೋ? ಗ್ರಂಥವು ಏನನ್ನೂ ಹೇಳದು. ಅವನನ್ನು ಪಾಪಿಗಳೊಡನೆ ಮುಳುಗಿಸಲು ಯೆಹೂದ್ಯ ಪಂಡಿತರಿಗೆ ಮನಸ್ಸೊಪ್ಪಲಿಲ್ಲ. ಮಳೆಗೆ ಮುನ್ನ ದೇವರು ಇತ್ತ ಏಳು ದಿನಗಳ ಅವಧಿಯು ಮೆತೂಷೆಲಹನ ಶೋಕಾಚರಣೆಗಾಗಿಯೇ ಎಂದು ತಲ್ಮೂದಿನಲ್ಲಿ ಅವರು ಅರ್ಥ ಹೇಳಿದರು. ನೋಹನ ತಾತನ ಸೂತಕ ಕಳೆಯುವವರೆಗೆ ಪ್ರಳಯವೇ ಕಾದು ನಿಂತಿತೆಂಬುದು ಎಷ್ಟು ಮನೋಹರವಾದ ಕಲ್ಪನೆ!

ಗ್ರೀಕರ ಪಾಠದಲ್ಲಿ ತೊಡಕು ಇನ್ನೂ ಹೆಚ್ಚು. ಕ್ರಿ. ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಹುಟ್ಟಿದ ಈ ಭಾಷಾಂತರದ ಹಲವು ಪ್ರತಿಗಳಲ್ಲಿ 187ಕ್ಕೆ ಬದಲಾಗಿ 167, 182ಕ್ಕೆ ಬದಲಾಗಿ 188 ಎಂದಿದೆ. 600ನ್ನು ಸೇರಿಸಿದರೂ 955 ಮಾತ್ರ. ಆಯುಸ್ಸಾದರೋ 969 ಆಗಿಯೇ ಉಳಿದಿದೆ. ಹಾಗಾದರೆ ಅವನು ಪ್ರಳಯಾನಂತರ 14 ವರ್ಷ ಬದುಕಿರಬೇಕು; ಆದರೆ ನಾವೆಯಲ್ಲಿದ್ದ ಎಂಟು ಮಂದಿಯಲ್ಲಿ ಅವನಿಲ್ಲ. ದೇವರು ಕರೆದೊಯ್ದ ತಂದೆ ಹನೋಕನ ಬಳಿ ಅವನು ಆಗ ಇದ್ದನೆಂದು ಕೆಲವರು ಸಮಾಧಾನ ಹೇಳಿಕೊಂಡರು. ಸಂತ ಅಗಸ್ಟಿನರು ತಮ್ಮ ‘ದೇವನಗರ’ದ 15ನೆಯ ಭಾಗದಲ್ಲಿ ಈ ಚರ್ಚೆಯನ್ನೆತ್ತಿ, ಪಾಠಗಳು ಭಿನ್ನವಾದಲ್ಲಿ ಮೂಲಭಾಷೆಯನ್ನೇ ನಂಬತಕ್ಕದ್ದೆಂದು ತೀರ್ಮಾನಿಸಿದರು.

ಸಮಾರ್ಯರ ಪಾಠವೋ ಮತ್ತಷ್ಟು ಕಠಿಣ. ಅದರಲ್ಲಿ ಯೆರೆದನ ಆಯುಸ್ಸು 847, ಮೆತೂಷೆಲಹನದು 720, ಲೆಮೆಕನದು 653. ಮೂವರೂ ಪ್ರಳಯದ ವರ್ಷದಲ್ಲಿಯೇ ಸಾಯುವರು. ಮೂರು ಲೆಕ್ಕಗಳು ಒಂದೇ ವರ್ಷದಲ್ಲಿ ಮುಗಿಯುವುದು ಲಿಪಿಕಾರನ ಕೈತಪ್ಪಿನಿಂದ ಆಗತಕ್ಕ ಕೆಲಸವಲ್ಲ. ಯಾರೋ ಕುಳಿತು ಎಣಿಸಿದ್ದಾರೆ.

ಈ ಎಣಿಕೆಗಳಿಂದ ಕಾಲಗಣನೆಗಳೂ ಬೇರೆಬೇರೆಯಾದುವು. ಸೃಷ್ಟಿಯಿಂದ ಪ್ರಳಯಕ್ಕೆ ಹೀಬ್ರೂವಿನಲ್ಲಿ 1656 ವರ್ಷ, ಸಮಾರ್ಯರಲ್ಲಿ 1307, ಮೇಲೆ ಹೇಳಿದ ಗ್ರೀಕ್ ಪ್ರತಿಗಳಲ್ಲಿ 2242. ಹೀಬ್ರೂ ಪಾಠವನ್ನು ನಂಬಿದ ಐರ್ಲೆಂಡಿನ ಧರ್ಮಾಧ್ಯಕ್ಷ ಜೇಮ್ಸ್ ಅಷರ್ 1650ರಲ್ಲಿ ಸೃಷ್ಟಿಯನ್ನು ಕ್ರಿ. ಪೂ. 4004ಕ್ಕೆ ಇಟ್ಟನು. ಗ್ರೀಕ್ ಪಾಠವನ್ನು ಅನುಸರಿಸಿದ ಬೈಜಾಂಟಿಯದವರು ಅದನ್ನು ಕ್ರಿ. ಪೂ. 5509ಕ್ಕೆ ಇಟ್ಟಿದ್ದರು, ಪೀಟರ್ ದೊರೆಯು 1700ರಲ್ಲಿ ಕ್ರಿಸ್ತಶಕವನ್ನು ಜಾರಿಗೆ ತರುವವರೆಗೂ ರಷ್ಯದ ರಾಜಪತ್ರಗಳು ಆ ಶಕದಲ್ಲಿಯೇ ಬರೆಯಲ್ಪಡುತ್ತಿದ್ದುವು.