ಕಷಾಯ, ಜ್ವರ ಮತ್ತು ವೈರಸ್

ಫ್ಲೂ ಜ್ವರ ಬಂದವರೊಬ್ಬರು ಕಷಾಯ ಕುಡಿದರು. ನಾಲ್ಕು ದಿನಗಳಲ್ಲಿ ಜ್ವರ ಬಿಟ್ಟಿತು. ಬಿಟ್ಟದ್ದು ಕಷಾಯದಿಂದಲೇ? ಬಹುಪಾಲು ಜನರಲ್ಲಿ ಈ ಜ್ವರ ತಾನಾಗಿಯೇ ಇಳಿಯುತ್ತದೆ ಎಂಬುದು ನಿಮಗೆ ಗೊತ್ತು. ಹಾಗಾದರೆ ಇದರಲ್ಲಿ ಔಷಧದ ಪಾಲೆಷ್ಟು, ಶರೀರದ ಪಾಲೆಷ್ಟು? ಚೀನದ ಸಾಂಪ್ರದಾಯಿಕ ಮೂಲಿಕೆಗಳನ್ನು ಇನ್‌ಫ್ಲುಯೆಂಜ ವೈರಸ್ಸಿನ ಎದುರು ಪರೀಕ್ಷಿಸಿದ ಇತಿಹಾಸವು ಈ ಪ್ರಶ್ನೆಗೆ ಉತ್ತರ ಹುಡುಕಿದ ಇತಿಹಾಸವೂ ಹೌದು.

ಕ್ರಿ.ಶ. 200ರ ಸುಮಾರಿಗೆ ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯ ಬರೆದ 'ಶಾಂಗ್‌ಹಾನ್ ಲುನ್' ಗ್ರಂಥದಲ್ಲಿ ಒಂದು ಕಷಾಯದ ವಿವರವಿದೆ. ಎಫೆಡ್ರ, ಏಪ್ರಿಕಾಟ್ ಬೀಜದ ತಿರುಳು, ಜಿಪ್ಸಮ್ ಮತ್ತು ಜೇಷ್ಠಮಧು, ಈ ನಾಲ್ಕೇ ಅದರ ಘಟಕಗಳು. ಇನ್ನೊಂದು ಔಷಧ 1798ರಲ್ಲಿ ವು ಜುಟೊಂಗ್ ಬರೆದ ಗ್ರಂಥದಲ್ಲಿದೆ. ಹನಿಸಕಲ್ ಹೂ ಮತ್ತು ಫಾರ್ಸಿಥಿಯ ಕಾಯಿ ಅದರಲ್ಲಿ ಮುಖ್ಯ. ಇಬ್ಬರೂ ಗಮನಿಸಿದ್ದು ಜ್ವರ, ಬೆವರು, ಕೆಮ್ಮುಗಳನ್ನು. ವೈರಸ್ ಎಂಬ ಕಲ್ಪನೆಯೇ ಆಗ ಇರಲಿಲ್ಲ. ಮನುಷ್ಯರ ಇನ್‌ಫ್ಲುಯೆಂಜ ವೈರಸ್ಸನ್ನು ಸ್ಮಿತ್, ಆಂಡ್ರೂಸ್ ಮತ್ತು ಲೇಡ್ಲಾ ಅವರು ಫೆರೆಟ್ ಪ್ರಾಣಿಗಳ ನೆರವಿನಿಂದ ಬೇರ್ಪಡಿಸಿದ್ದು 1933ರಲ್ಲಿ.

ವೈರಸ್ ಕೈಗೆ ಸಿಕ್ಕಿದ ಮೇಲೆ ಅದನ್ನು ಬೆಳೆಸಬೇಕು, ಅಳೆಯಬೇಕು. ಬೆಳೆಸಲು ಭ್ರೂಣವಿರುವ ಕೋಳಿಮೊಟ್ಟೆ ಒದಗಿತು. 1941ರಲ್ಲಿ ಜಾರ್ಜ್ ಹರ್ಸ್ಟ್ ಅಂತಹ ಮೊಟ್ಟೆಯ ದ್ರವದಲ್ಲಿರುವ ವೈರಸ್, ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆಂದು ಕಂಡುಕೊಂಡರು. ವೈರಸ್ ಇಲ್ಲದಿದ್ದರೆ ಕಣಗಳು ತಳಕ್ಕಿಳಿದು ಗುಂಡಿಯಂತೆ ಕೂರುತ್ತವೆ; ಇದ್ದರೆ ಜಾಲದಂತೆ ಹರಡಿಕೊಳ್ಳುತ್ತವೆ. ಮುಂದೆ ನಾಯಿಯ ಮೂತ್ರಪಿಂಡದಿಂದ 1958ರಲ್ಲಿ ಪಡೆದ ಎಂಡಿಸಿಕೆ ಕೋಶಗಳೂ ಈ ಕೆಲಸಕ್ಕೆ ಬಂದವು.

ಈಗ ಒಂದು ಮೂಲಿಕೆಯ ಸಾರ ಬೆರೆಸಿದಾಗ ಕಣಗಳು ಅಂಟಿಕೊಳ್ಳಲಿಲ್ಲ ಎನ್ನಿ. ವೈರಸ್ ಸೋತಿತೆಂದು ಹೇಳಿಬಿಡಬಹುದೇ? ಅವಸರ ಬೇಡ. ಅನೇಕ ಮೂಲಿಕೆಗಳಲ್ಲಿ ಟ್ಯಾನಿನ್ ಇರುತ್ತದೆ. ಅದು ಸಿಕ್ಕಿದ ಪ್ರೋಟೀನಿಗೆಲ್ಲ ಅಂಟಿಕೊಳ್ಳುವ ವಸ್ತು. ಪ್ರನಾಳದಲ್ಲಿ ವೈರಸ್ಸಿನ ಪ್ರೋಟೀನನ್ನು ಹಿಡಿಯುವ ಟ್ಯಾನಿನ್, ಶರೀರದೊಳಗೆ ಅದೇ ಕೆಲಸ ಮಾಡುತ್ತದೆ ಎನ್ನಲಾಗದು. ಮತ್ತೊಂದು ತೊಡಕೂ ಇದೆ. ಕೋಶವೇ ಸತ್ತರೆ ಅದರೊಳಗೆ ವೈರಸ್ ಬೆಳೆಯುವುದಿಲ್ಲ! ಆದ್ದರಿಂದ ಎರಡು ಅಳತೆಗಳು ಬೇಕು: ವೈರಸ್ಸನ್ನು ಅರ್ಧಕ್ಕೆ ಇಳಿಸುವ ಪ್ರಮಾಣ ಮತ್ತು ಅರ್ಧದಷ್ಟು ಕೋಶಗಳನ್ನು ಕೊಲ್ಲುವ ಪ್ರಮಾಣ. ಮೊದಲನೆಯದು 10, ಎರಡನೆಯದು 20 ಮೈಕ್ರೊಗ್ರಾಂ ಆದರೆ ಅದು ಔಷಧಕ್ಕಿಂತ ವಿಷಕ್ಕೇ ಹತ್ತಿರ. ಎರಡನೆಯದು 1000 ಆದರೆ ಮುಂದಿನ ಪರೀಕ್ಷೆಗೆ ಅರ್ಹ.

ಚಕ್ರಮೊಗ್ಗಿನ ಕಥೆ ಇನ್ನೊಂದು ಎಚ್ಚರ ಹೇಳುತ್ತದೆ. ಚೀನೀ ವೈದ್ಯದಲ್ಲೂ ಅಡುಗೆಯಲ್ಲೂ ಬಳಕೆಯಾಗುವ ಇದರಲ್ಲಿ ಶಿಕಿಮಿಕ್ ಆಮ್ಲವಿದೆ. 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫ್ಲೂ ಔಷಧ ಒಸೆಲ್ಟಾಮಿವಿರ್ ತಯಾರಿಕೆಗೆ ಈ ಆಮ್ಲವೇ ಕಚ್ಚಾವಸ್ತುವಾಯಿತು. 2005ರ ಹಕ್ಕಿಜ್ವರದ ಭೀತಿಯಲ್ಲಿ ಚಕ್ರಮೊಗ್ಗಿಗೆ ಅಭಾವವೇ ತಲೆದೋರಿತು. ಆದರೆ ಶಿಕಿಮಿಕ್ ಆಮ್ಲ ಫ್ಲೂ ಔಷಧವಲ್ಲ. ಹಲವು ರಾಸಾಯನಿಕ ಹಂತಗಳನ್ನು ದಾಟಿದ ಮೇಲಷ್ಟೇ ದೊರೆಯುವ ಹೊಸ ಅಣು, ವೈರಸ್ಸಿನ ನ್ಯೂರಮಿನಿಡೇಸ್ ಕಿಣ್ವವನ್ನು ತಡೆಯುತ್ತದೆ. ಚಕ್ರಮೊಗ್ಗಿನ ಕಷಾಯ ಕುಡಿದರೆ ಒಸೆಲ್ಟಾಮಿವಿರ್ ಕುಡಿದಂತಾಗದು.

ಕೊನೆಯ ಪರೀಕ್ಷೆ ಮನುಷ್ಯರಲ್ಲೇ ಆಗಬೇಕು. 2009ರಲ್ಲಿ ಎಚ್1ಎನ್1 ಜಗತ್ತಿನಾದ್ಯಂತ ಹಬ್ಬಿದಾಗ ಚೀನದ 11 ಆಸ್ಪತ್ರೆಗಳ 410 ರೋಗಿಗಳನ್ನು ಯಾದೃಚ್ಛಿಕವಾಗಿ ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಒಸೆಲ್ಟಾಮಿವಿರ್, ಒಂದಕ್ಕೆ ಮೇಲೆ ಹೇಳಿದ ಎರಡು ಹಳೆಯ ಔಷಧಗಳನ್ನು ಆಧರಿಸಿದ ಕಷಾಯ, ಒಂದಕ್ಕೆ ಎರಡೂ. ನಾಲ್ಕನೆಯದಕ್ಕೆ ಇವೆರಡರಲ್ಲಿ ಯಾವುದೂ ಇಲ್ಲ. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಜ್ವರ ಇಳಿಯಲು ಹಿಡಿದ ಕಾಲದ ಮಧ್ಯಾಂಕ ಕ್ರಮವಾಗಿ 20, 16, 15 ಮತ್ತು 26 ಗಂಟೆಗಳು.

ಕಷಾಯ ಗೆದ್ದಿತೆ? ಜ್ವರದ ಮಟ್ಟಿಗೆ ಅದು ಉಪಯುಕ್ತವೆಂದು ಕಂಡಿತು, ನಿಜ. ಆದರೆ ಯಾರಿಗೆ ಏನು ಕೊಡಲಾಗಿದೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. ಹುಸಿಮದ್ದಿನ ಗುಂಪು ಇರಲಿಲ್ಲ. ಭಾಗವಹಿಸಿದ ರೋಗಿಗಳು ಹೆಚ್ಚಾಗಿ ತೊಡಕಿನ ಅಪಾಯ ಕಡಿಮೆಯಿದ್ದ ಕಿರಿಯರು. ಎಲ್ಲಕ್ಕಿಂತ ಮುಖ್ಯವಾಗಿ, ಜ್ವರ ಇಳಿಯುವುದು ಬೇರೆ, ವೈರಸ್ ನಾಶವಾಗುವುದು ಬೇರೆ. ವೈರಸ್ಸನ್ನು ಮುಟ್ಟದೆಯೇ ಜ್ವರ ಇಳಿಸುವ ಮದ್ದುಗಳಿವೆ. ಪ್ಯಾರಾಸಿಟಮಾಲ್ ನಿಮಗೆ ಗೊತ್ತೇ ಇದೆ.

ಹಳೆಯದೆಂಬ ಕಾರಣಕ್ಕೆ ಕಷಾಯವನ್ನು ನಂಬಬೇಕಿಲ್ಲ, ತಳ್ಳಿಹಾಕಲೂ ಬೇಕಿಲ್ಲ. "ಈ ಮೂಲಿಕೆ ವೈರಸ್ಸನ್ನು ಕೊಲ್ಲುತ್ತದೆ" ಎಂಬ ಮಾತು ಮುಂದೊಮ್ಮೆ ಕಿವಿಗೆ ಬಿದ್ದಾಗ ನಿಮ್ಮ ತರಗತಿಯಲ್ಲಿ ಮೂರು ಪ್ರಶ್ನೆ ಕೇಳಿ. ಕೊಂದದ್ದು ಎಲ್ಲಿ, ಪ್ರನಾಳದಲ್ಲೇ ಮನುಷ್ಯನಲ್ಲೇ? ಎಷ್ಟು ಪ್ರಮಾಣದಲ್ಲಿ? ಯಾವುದಕ್ಕೆ ಹೋಲಿಸಿ? ಮೂರಕ್ಕೂ ಉತ್ತರ ಸಿಗುವವರೆಗೆ ಪರೀಕ್ಷೆ ಮುಗಿದಿಲ್ಲವೆಂದೇ ತಿಳಿಯಿರಿ.