ಬಾಗ್ದಾದಿನ ತಾಳವೂ ನರ್ತಕರ ಪಾದವೂ

ಅರಬ್ಬೀ ಸಂಗೀತದ ಪ್ರಾಚೀನ ಗ್ರಂಥಗಳಿಂದ ಈಗಿನ ವಾದಕರಿಗೂ ನರ್ತಕರಿಗೂ ಆಗಬಹುದಾದ ಪ್ರಯೋಜನವೇನೆಂದು ಕೇಳುವವರುಂಟು. ಅಬ್ಬಾಸೀ ಖಲೀಫರ ಕಾಲದ ಗೀತಗಳ ಧಾಟಿಯು ನಷ್ಟವಾಗಿರುವುದು ನಿಜವೇ. ಅಬೂ ಅಲ್‌ಫರಜ್ ಅಲ್‌ಇಸ್ಫಹಾನಿಯು ಕ್ರಿ. ಶ. ೧೦ನೆಯ ಶತಮಾನದಲ್ಲಿ ಸಂಗ್ರಹಿಸಿದ ‘ಕಿತಾಬ್ ಅಲ್‌ಅಘಾನಿ’ಯಲ್ಲಿ ಗೀತದ ಸಾಹಿತ್ಯವುಂಟು, ಅದಕ್ಕೆ ಧಾಟಿ ಕಟ್ಟಿದವರ ಹೆಸರುಂಟು, ತಾಳದ ಹೆಸರುಂಟು, ಊದ್ ವಾದ್ಯದ ಮೇಲೆ ಯಾವ ತಂತಿ, ಯಾವ ಬೆರಳು ಎಂಬ ಸೂಚನೆಯೂ ಉಂಟು, ಸ್ವರಗಳು ಮಾತ್ರ ಇಲ್ಲ. ಅವು ಗುರುಮುಖದಿಂದಲೇ ಬರತಕ್ಕವು. ಈ ನಷ್ಟಕ್ಕೆ ೧೨೫೮ರ ಮಂಗೋಲರ ದಾಳಿಯೊಂದನ್ನೇ ಕಾರಣವೆನ್ನುವುದು ಸರಿಯಲ್ಲ. ಹಳೆಯ ಗೀತಗಳನ್ನು ಪಡೆದಂತೆಯೇ ಹಾಡಬೇಕೆಂದು ಇಸ್‌ಹಾಕ್ ಅಲ್‌ಮೌಸಿಲಿಯೂ (ಮರಣ ೮೫೦), ಮನಬಂದಂತೆ ಮಾರ್ಪಡಿಸಬಹುದೆಂದು ರಾಜಪುತ್ರ ಇಬ್ರಾಹೀಮ್ ಇಬ್ನ್ ಅಲ್‌ಮಹ್ದಿಯೂ (ಮರಣ ೮೩೯) ಅದಕ್ಕೆ ನಾಲ್ಕು ಶತಮಾನಗಳ ಹಿಂದೆಯೇ ವಾದಿಸಿದ್ದರು. ಇಸ್‌ಹಾಕನ ಪಕ್ಷವನ್ನು ಹಿಡಿದ ಇಸ್ಫಹಾನಿಯು ಹಳೆಯ ಗೀತಗಳು ಕೆಟ್ಟುದಕ್ಕೆ ಇಬ್ರಾಹೀಮನನ್ನು ದೂರುತ್ತಾನೆ.

ತಾಳದ ಸ್ಥಿತಿ ಹಾಗಲ್ಲ. ಅಲ್‌ಫಾರಾಬಿಯು (ಮರಣ ೯೫೦) ಎರಡು ಆಘಾತಗಳ ನಡುವಣ ಕಾಲವನ್ನು ಅಳೆದು ತಾಳವನ್ನು ವಿವರಿಸಿದನು. ಸಫೀ ಅಲ್‌ದೀನ್ ಅಲ್‌ಉರ್ಮವಿಯು (ಮರಣ ೧೨೯೪) ‘ಕಿತಾಬ್ ಅಲ್‌ಅದ್ವಾರ್’ ಗ್ರಂಥದಲ್ಲಿ ತಾಳಗಳನ್ನು ವೃತ್ತಗಳಲ್ಲಿ ಬರೆದು ತೋರಿಸಿದನು. ಅವನ ‘ಸಖೀಲ್ ಅವ್ವಲ್’ ಎಂಬುದು ತನನ್, ತನನ್, ತನನನ್, ತನ್, ತನನನ್ ಎಂದು ನಡೆಯುತ್ತದೆ. ಎಂದರೆ ೩, ೩, ೪, ೨, ೪, ಒಟ್ಟು ೧೬ ಮಾತ್ರೆಗಳು. ಜತಿಗಳನ್ನು ಬಾಯಲ್ಲಿ ಹೇಳಿ ಕಲಿತ ನಮ್ಮವರಿಗೆ ಈ ಕ್ರಮವು ಅಪರಿಚಿತವೆನಿಸದು. ಒಂದರಿಂದ ಮತ್ತೊಂದು ಹುಟ್ಟಿತೆನ್ನಲು ಈ ಹೋಲಿಕೆಯೊಂದೇ ಸಾಲದು. ೯ನೆಯ ಶತಮಾನದ ಅಲ್‌ಕಿಂದಿಯು ಇದೇ ಹೆಸರಿನ ತಾಳಕ್ಕೆ ಹೇಳುವ ಲಕ್ಷಣವೇ ಬೇರೆ. ಆದುದರಿಂದ ಹಳೆಯ ಹೆಸರನ್ನು ಹೊತ್ತ ತಾಳವೆಲ್ಲ ಹಳೆಯ ತಾಳವೆಂದು ವಾದಕರು ನಂಬಲಾಗದು.

ನರ್ತಕರಿಗೆ ಇದಕ್ಕಿಂತ ಹೆಚ್ಚಿನ ಉಪಕಾರವು ಮಸೂದಿಯ (ಮರಣ ೯೫೬) ‘ಮುರೂಜ್ ಅಲ್‌ದಹಬ್’ ಎಂಬ ಚರಿತ್ರೆಯಿಂದ ಆಗುತ್ತದೆ. ಖಲೀಫ ಅಲ್‌ಮುತಮಿದನು (೮೭೦–೮೯೨) ನೃತ್ಯದ ವಿಷಯವನ್ನು ಕೇಳಲು, ಸಭಾಸದನೊಬ್ಬನು ನೃತ್ಯಕ್ಕೆ ಎಂಟು ತಾಳಗಳನ್ನು ಹೆಸರಿಸಿ, ಬಲದ ಕೆಲಸವೂ ಎಡದ ಕೆಲಸವೂ ಸಮನಾಗಿರಬೇಕೆನ್ನುತ್ತಾನೆ. ಪಾದವನ್ನು ಇಡುವುದಕ್ಕೂ ಎತ್ತುವುದಕ್ಕೂ ತಾಳದೊಡನೆ ಕೂಡಿ ನಡೆಯುವ ಕ್ರಮವೊಂದು, ತಾಳಕ್ಕೆ ಹಿಂದುಳಿದು ನಡೆಯುವ ಕ್ರಮವೊಂದು ಎಂದು ವಿಂಗಡಿಸುತ್ತಾನೆ. ವಾದ್ಯದ ಪ್ರತಿಯೊಂದು ಪೆಟ್ಟಿಗೂ ಅಂಗವನ್ನು ಆಡಿಸುವುದೇ ಪ್ರಾಚೀನ ರೀತಿಯೆಂದು ತಿಳಿದವರು ಈ ಎರಡನೆಯ ಕ್ರಮವನ್ನು ಗಮನಿಸಬೇಕು. ಉರ್ಮವಿಯ ಹದಿನಾರು ಮಾತ್ರೆಗಳನ್ನು ವಾದಕನೊಬ್ಬನು ಬಾಯಲ್ಲಿ ಹೇಳುತ್ತಿರಲು, ನರ್ತಕಿಯು ಒಂದಾವೃತ್ತಿ ತಾಳದೊಡನೆಯೂ ಮತ್ತೊಂದಾವೃತ್ತಿ ತಾಳದ ಹಿಂದೆಯೂ ಹೆಜ್ಜೆಯಿಟ್ಟು ನೋಡಬಹುದು. ಇದಕ್ಕೆ ನಷ್ಟವಾದ ಧಾಟಿಯ ಅವಶ್ಯಕತೆಯಿಲ್ಲ.