ಕುಗ್ಗುವ ಎಂಜಿನ್, ಕುಗ್ಗದ ಮಣ್ಣು: ಉಗಿ ಉಳುಮೆಯ ಚಾಲೂ ಮಾದರಿಗಳ ಸಾಕ್ಷ್ಯಮೌಲ್ಯ

ಬಳಕೆ ತಪ್ಪಿದ ಯಂತ್ರವೊಂದನ್ನು ಚಿಕ್ಕ ಅಳತೆಯಲ್ಲಿ ಮತ್ತೆ ಕಟ್ಟಿ, ಬೆಂಕಿ ಹಾಕಿ ಓಡಿಸಿದರೆ ಅದರ ಚರಿತ್ರೆ ತಾನೇ ಬಿಚ್ಚಿಕೊಳ್ಳುತ್ತದೆ ಎಂಬ ನಂಬಿಕೆ ಸಾಕಷ್ಟು ಬೇರೂರಿದೆ. ಉಗಿ ಉಳುಮೆಯ ವಿಷಯದಲ್ಲಿ ಚರಿತ್ರೆ ಬರೆಯುವ ಕೈ, ಮಾದರಿ ಕಟ್ಟುವ ಕೈ ಎರಡೂ ಒಂದೇ ಆಗಿರುವುದುಂಟು. ಕಾಲಿನ್ ಟೈಲರ್ ಜೊತೆಗೂಡಿ 1970ರಲ್ಲಿ ‘ಪ್ಲೌಯಿಂಗ್ ಬೈ ಸ್ಟೀಮ್’ ಬರೆದ ಜಾನ್ ಹೇನಿಂಗ್ ಮಾದರಿ ಎಂಜಿನ್‌ಗಳ ವಿನ್ಯಾಸಕಾರರೂ ಹೌದು. ಈ ನಂಟಿನಿಂದ ಲಾಭವಾಗಿದೆ. ಆದರೆ ಅದರ ನೆರಳಿನಲ್ಲಿಯೇ ಒಂದು ಅವಸರದ ತೀರ್ಮಾನವೂ ಬೆಳೆದಿದೆ: ಮಾದರಿ ಉತ್ತಿತು, ಆದ್ದರಿಂದ ಮೂಲವೂ ಹೀಗೆಯೇ ಉಳುತ್ತಿತ್ತು. ಇದು ಯಾರೊಬ್ಬರ ಸಿದ್ಧಾಂತವಲ್ಲ, ಬಿಡಿಸಿ ನೋಡದೆ ಒಪ್ಪಿಕೊಂಡ ಮಾತು. ಈ ಲೇಖನದ ತಕರಾರು ಆ ಮಾತಿನೊಂದಿಗೆ.

ಹಿನ್ನೆಲೆಯಲ್ಲಿ ವಿವಾದ ಕಡಿಮೆ. ಇಂಗ್ಲೆಂಡಿನ ಜಾನ್ ಫೌಲರ್ (1826–1864) 1858ರಲ್ಲಿ ಚೆಸ್ಟರ್‌ನಲ್ಲಿ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ 500 ಪೌಂಡ್ ಬಹುಮಾನ ಗೆದ್ದರು. ಅವರ ಹೆಸರಿನ ಕಾರ್ಖಾನೆ ಲೀಡ್ಸ್‌ನಲ್ಲಿ ಬೆಳೆಯಿತು. ನೆಲೆನಿಂತ ಪದ್ಧತಿ ಜೋಡಿ ಎಂಜಿನ್‌ಗಳದು. ಹೊಲದ ಎರಡು ಬದುಗಳಲ್ಲಿ ಒಂದೊಂದು ಎಂಜಿನ್, ಪ್ರತಿಯೊಂದರ ಬಾಯ್ಲರಿನ ಹೊಟ್ಟೆಯಡಿ ಅಡ್ಡಲಾಗಿ ಮಲಗಿದ ದೊಡ್ಡ ಡ್ರಮ್, ನಡುವೆ ಉಕ್ಕಿನ ತಂತಿ ಹಗ್ಗಕ್ಕೆ ಕಟ್ಟಿದ ಇಮ್ಮುಖ ನೇಗಿಲು. ಏತದ ಮರದಂತೆ ಒಂದು ತುದಿ ಏರಿದರೆ ಇನ್ನೊಂದರ ಗುಳಗಳು ನೆಲಕ್ಕಿಳಿಯುತ್ತವೆ. ಸಾಲಿನ ಕೊನೆಯಲ್ಲಿ ನೇಗಿಲನ್ನು ತಿರುಗಿಸಬೇಕಾಗಿಲ್ಲ. ಎಂಜಿನ್ ಹೊಲಕ್ಕೆ ಇಳಿಯದೆ ಬದುವಿನಲ್ಲೇ ಉಳಿಯುವುದರಿಂದ ಉತ್ತ ಮಣ್ಣು ಅದರ ಭಾರಕ್ಕೆ ಗಟ್ಟಿಯಾಗುವುದಿಲ್ಲ. ಎರಡು ಬದುಗಳ ಚಾಲಕರು ಸೀಟಿಯಲ್ಲೇ ಮಾತಾಡಿಕೊಳ್ಳುತ್ತಿದ್ದರು.

ಮಾದರಿ ಕಟ್ಟುವ ಕಸುಬಿಗೂ ದೀರ್ಘ ಪರಂಪರೆಯಿದೆ. ಪರ್ಸಿವಲ್ ಮಾರ್ಷಲ್ 1898ರಲ್ಲಿ ಆರಂಭಿಸಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಅದರ ಮುಖ್ಯ ವೇದಿಕೆ. ಅಡಿಗೆ 2, 3 ಅಥವಾ 4 ಇಂಚು, ಅಂದರೆ ಮೂಲದ 1/6, 1/4, 1/3 ಗಾತ್ರ, ರೂಢಿಯ ಅಳತೆಗಳು. ಈ ಕಸುಬಿನವರು ಒಂದು ಸತ್ಯವನ್ನು ಎಂದೋ ಕಂಡುಕೊಂಡಿದ್ದಾರೆ: ಬಾಯ್ಲರಿನ ಕೊಳವೆಗಳನ್ನು ಲೆಕ್ಕದಂತೆ ಸಣ್ಣದಾಗಿಸಿದರೆ ಹೊಗೆ ಎಳೆಯುವುದಿಲ್ಲ, ಮಸಿ ಕಟ್ಟುತ್ತದೆ. ಅದಕ್ಕೇ ಎಣಿಕೆ ಇಳಿಸಿ, ಕೊಳವೆಯ ಬಾಯಿ ಹಿಗ್ಗಿಸುತ್ತಾರೆ. ಹೊರಗಿನಿಂದ ಪಡಿಯಚ್ಚಿನಂತಿರುವ ಮಾದರಿ ಒಳಗೆ ಬೇರೆಯೇ ಯಂತ್ರ.

ಹಾಗಾದರೆ ಮಾದರಿಯ ಯಾವ ಮಾತನ್ನು ನಂಬಬೇಕು? ಆಕಾರಕ್ಕೆ ಸಂಬಂಧಿಸಿದ್ದನ್ನು ನಂಬಬಹುದು. ಹಗ್ಗ ಸುತ್ತುವ ಏರ್ಪಾಡನ್ನೇ ಹತ್ತಿರದಿಂದ ನೋಡಿ. ಡ್ರಮ್ಮಿನ ಪಕ್ಕದ ಕೈಯೊಂದು ಹಗ್ಗವನ್ನು ಎರಡು ಗಾಲಿಗಳ ನಡುವೆ ಹಿಡಿದು ನಿಧಾನವಾಗಿ ಮೇಲೆ, ನಿಧಾನವಾಗಿ ಕೆಳಗೆ ಸರಿಯುತ್ತದೆ. ಡ್ರಮ್ ಒಂದು ಸುತ್ತು ಬರುವಷ್ಟರಲ್ಲಿ ಅದು ಸರಿಯುವುದು ಒಂದು ಹಗ್ಗದ ದಪ್ಪದಷ್ಟು. ಸುರುಳಿಯ ಮಗ್ಗುಲಿಗೆ ಸುರುಳಿ ಕೂರುತ್ತದೆ, ಒಂದರ ಮೇಲೊಂದು ಹತ್ತಿ ನಜ್ಜಾಗುವುದಿಲ್ಲ. ಇದು ಹಲ್ಲುಗಳ ಎಣಿಕೆಯ ಲೆಕ್ಕ. ಗಾತ್ರ ನಾಲ್ಕನೆಯ ಒಂದಾದರೂ ಹಲ್ಲುಗಳ ಅನುಪಾತ ಬದಲಾಗದು. ಇಲ್ಲಿ ಮಾದರಿಯ ಸಾಕ್ಷ್ಯ ಮೂಲದಷ್ಟೇ ಗಟ್ಟಿ.

ಬಲದ ಪ್ರಶ್ನೆ ಬಂದಾಗ ಚಿತ್ರ ಬದಲಾಗುತ್ತದೆ. ಉದ್ದ ನಾಲ್ಕನೆಯ ಒಂದಾದರೆ ವಿಸ್ತೀರ್ಣ ಹದಿನಾರನೆಯ ಒಂದು, ತೂಕ ಅರವತ್ತನಾಲ್ಕನೆಯ ಒಂದು ಎಂಬುದು ಗೆಲಿಲಿಯೊ 1638ರಷ್ಟು ಹಿಂದೆಯೇ ಚರ್ಚಿಸಿದ ವಿಷಯ. ಉಳುಮೆಯಲ್ಲಿ ಇದರ ಪರಿಣಾಮ ಮಣ್ಣಿನ ಜಾತಿಯನ್ನು ಅವಲಂಬಿಸಿದೆ. ಜಿಗುಟು ಮಣ್ಣನ್ನು ಸೀಳುವಾಗ ಎದುರಾಗುವ ತಡೆ ಮುಖ್ಯವಾಗಿ ಸೀಳಿದ ಮುಖದ ವಿಸ್ತೀರ್ಣಕ್ಕೆ ತಕ್ಕಂತೆ. ಸಡಿಲ ಮರಳಿನಲ್ಲಿ ಅದು ಮಗುಚಿದ ಮಣ್ಣಿನ ತೂಕಕ್ಕೆ ತಕ್ಕಂತೆ. ಎರೆ ಹೊಲವನ್ನೂ ಮರಳು ಹೊಲವನ್ನೂ ಉತ್ತ ರೈತನಿಗೆ ಈ ಭೇದ ಕೈಗೇ ಗೊತ್ತು.

ಲೆಕ್ಕದ ಅನುಕೂಲಕ್ಕಾಗಿ ಮೂಲ ಎಂಜಿನ್ 20 ಟನ್, ಹಗ್ಗದ ಎಳೆತ 5 ಟನ್, ಪಕ್ಕಕ್ಕೆ ಜಾರದಂತೆ ನೆಲ ಕೊಡುವ ಹಿಡಿತ ತೂಕದ ಅರ್ಧ, ಅಂದರೆ 10 ಟನ್ ಎಂದಿಟ್ಟುಕೊಳ್ಳೋಣ. ಎಳೆತದ ಎರಡರಷ್ಟು ಹಿಡಿತವಿದೆ. ಈಗ ಅಡಿಗೆ 3 ಇಂಚಿನ ಮಾದರಿ. ತೂಕ ಸುಮಾರು 312 ಕಿಲೊ, ಹಿಡಿತ 156 ಕಿಲೊ. ಮರಳಿನಲ್ಲಿ ಬೇಕಾದ ಎಳೆತ 78 ಕಿಲೊ. ಅನುಪಾತ ಮೂಲದಂತೆಯೇ ಉಳಿಯಿತು. ಜಿಗುಟು ಮಣ್ಣಿನಲ್ಲಿ ಬೇಕಾದ ಎಳೆತ 312 ಕಿಲೊ, ಅಂದರೆ ಎಂಜಿನ್ನಿನ ತೂಕದಷ್ಟೇ. ಆಗ ನೇಗಿಲು ಎಂಜಿನ್ ಕಡೆ ಬರುವ ಬದಲು ಎಂಜಿನ್ನೇ ನೇಗಿಲಿನತ್ತ ಸರಿಯಬೇಕು. ಹದವಾದ ಹಗುರ ನೆಲದಲ್ಲಿ ಮಾದರಿ ಚೆನ್ನಾಗಿ ಉತ್ತಿತು ಎಂಬ ವರದಿ, ಹಾಗಾಗಿ, ಎಂಜಿನ್ನಿಗಿಂತ ಹೆಚ್ಚಾಗಿ ಆ ನೆಲದ ಬಗ್ಗೆ ಹೇಳುತ್ತದೆ.

ಇದರಿಂದ ಮಾದರಿ ನಿಷ್ಪ್ರಯೋಜಕ ಎಂದಾಗುವುದಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ 1763–64ರ ಸುಮಾರಿಗೆ ಜೇಮ್ಸ್ ವಾಟ್ ಕೈಗೆ ರಿಪೇರಿಗೆ ಬಂದ ನ್ಯೂಕಮೆನ್ ಎಂಜಿನ್ನಿನ ಮಾದರಿ ನೆನಪಾಗಬೇಕು. ಅದರ ಸಿಲಿಂಡರ್ 2 ಇಂಚು ಅಗಲದ್ದು. ಬಾಯ್ಲರ್ ಸರಿಯಾಗಿಯೇ ಇದ್ದರೂ ನಾಲ್ಕಾರು ಬಡಿತಗಳಲ್ಲಿ ಉಗಿ ಮುಗಿಯುತ್ತಿತ್ತು. ಗಾತ್ರಕ್ಕೆ ಹೋಲಿಸಿದರೆ ಚಿಕ್ಕ ಸಿಲಿಂಡರಿನ ಮೈ ಹೆಚ್ಚು, ಹಾಗಾಗಿ ಉಗಿಯ ನಷ್ಟವೂ ಹೆಚ್ಚು. ದೊಡ್ಡದರಲ್ಲಿ ಕಣ್ಣಿಗೆ ಬೀಳದ ದೋಷವನ್ನು ಚಿಕ್ಕದು ಹಿಗ್ಗಿಸಿ ತೋರಿಸಿತು. ಬೇರೆಯದೇ ಕಂಡೆನ್ಸರಿನ ಯೋಚನೆ ಹುಟ್ಟಿದ್ದು ಈ ಸೋಲಿನಿಂದ.

ಉಳುಮೆ ಎಂಜಿನ್ನಿಗೂ ಇದೇ ಬಗೆಯ ಓದು ಸಾಧ್ಯವೆಂದು ನನ್ನ ಸೂಚನೆ. ಮಾದರಿ ಜಾರುವುದನ್ನು ದೋಷವೆಂದು ಮರೆಮಾಡದೆ ಸಾಕ್ಷ್ಯವೆಂದು ಓದಿದರೆ, ಮೂಲ ಎಂಜಿನ್ನಿನ ಭಾರ ಉಗಿಶಕ್ತಿಗಾಗಿ ಹೊತ್ತ ಹೊರೆಯಷ್ಟೇ ಆಗಿರಲಿಲ್ಲ, ಅದೇ ಲಂಗರಿನ ಕೆಲಸವನ್ನೂ ಮಾಡುತ್ತಿತ್ತು ಎಂದು ತೋರುತ್ತದೆ. ಫೌಲರ್‌ರ ಮೊದಲ ವ್ಯವಸ್ಥೆ ಇದಕ್ಕೆ ಪೂರಕ. ಅಲ್ಲಿ ಎಂಜಿನ್ ಒಂದೇ. ಎದುರು ಬದುವಿನಲ್ಲಿ ಹರಿತ ಅಂಚಿನ ತಟ್ಟೆಚಕ್ರಗಳ ಲಂಗರು ಗಾಡಿ ಮಣ್ಣನ್ನು ಕಚ್ಚಿ ನಿಲ್ಲುತ್ತಿತ್ತು. ಎರಡನೆಯ ಎಂಜಿನ್ ಬಂದಾಗ ಕಚ್ಚುವ ಲಂಗರಿನ ಜಾಗವನ್ನು ತೂಗುವ ಲಂಗರು ಹಿಡಿಯಿತು.

ಈ ಮಾತನ್ನು ಎಚ್ಚರದಿಂದಲೇ ಹೇಳುತ್ತಿದ್ದೇನೆ. ಮೊದಲನೆಯದಾಗಿ, ಫೌಲರ್ ಈ ಉದ್ದೇಶದಿಂದಲೇ ಭಾರ ಕೂಡಿಸಿದರೆಂಬುದು ನನ್ನ ವಾದವಲ್ಲ. ದೊಡ್ಡ ಬಾಯ್ಲರ್, ನೀರು, ಕಲ್ಲಿದ್ದಲು, ಡ್ರಮ್ ಇದ್ದಲ್ಲಿ ಭಾರ ಬಂದೇ ಬರುತ್ತದೆ. ಇಲ್ಲಿ ಹೇಳುತ್ತಿರುವುದು ಭಾರದ ಫಲದ ಬಗ್ಗೆ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಜಿಗುಟು ನೆಲದಲ್ಲಿ ಚಕ್ರದ ಹಿಡಿತವೂ ಭಾಗಶಃ ಮಣ್ಣಿನ ಜಿಗುಟಿನಿಂದಲೇ ಬರುತ್ತದೆ, ಆ ಪಾಲು ಎಳೆತದ ಜೊತೆಗೇ ವಿಸ್ತೀರ್ಣದ ಲೆಕ್ಕದಲ್ಲಿ ಕುಗ್ಗುತ್ತದೆ. ಮೂಲದ 10 ಟನ್ ಹಿಡಿತದಲ್ಲಿ ಅರ್ಧ ಇಂಥದಾದರೆ ಮಾದರಿಗೆ 312 ಮತ್ತು 78, ಒಟ್ಟು 390 ಕಿಲೊ ಹಿಡಿತ ಸಿಗುತ್ತದೆ. ಆಗ ಅದು ಜಾರದೆ ನಿಲ್ಲಬೇಕು. ಆಕ್ಷೇಪವನ್ನು ಒಪ್ಪುತ್ತೇನೆ, ಪೂರ್ತಿಯಾಗಿ ಅಲ್ಲ. ಚಕ್ರದಡಿ ನೆಲದ ಮೇಲೆ ಬೀಳುವ ಒತ್ತಡ ಮಾದರಿಯಲ್ಲಿ ಮೂಲದ ನಾಲ್ಕನೆಯ ಒಂದು. 20 ಟನ್ನಿನ ಎಂಜಿನ್ ತನ್ನ ಭಾರಕ್ಕೇ ಹೂತು ತನ್ನ ನೆಲೆ ತೋಡಿಕೊಂಡರೆ, ಮಾದರಿ ಅದೇ ಮಣ್ಣಿನ ಮೇಲೆ ಹೆಚ್ಚುಕಡಿಮೆ ತೇಲುತ್ತದೆ. ಹೂಳದ ಚಕ್ರಕ್ಕೆ ಪಕ್ಕದ ಆಸರೆ ಅಷ್ಟಾಗಿ ಸಿಗದು. ಅಲ್ಲಿಗೆ ಮಾದರಿಯ ಹಿಡಿತ ಈ ಉದಾಹರಣೆಯಲ್ಲಿ 156 ಮತ್ತು 390 ಕಿಲೊಗಳ ನಡುವೆ ಎಲ್ಲೋ ನಿಲ್ಲುತ್ತದೆ.

ಎಲ್ಲಿ ಎಂಬುದನ್ನು ಕಾಗದದ ಮೇಲೆ ತೀರ್ಮಾನಿಸಲಾಗದು. ಹಗ್ಗಕ್ಕೊಂದು ಸ್ಪ್ರಿಂಗ್ ತಕ್ಕಡಿ, ಚಕ್ರದ ಮಗ್ಗುಲಿಗೊಂದು ಗೂಟ, ಉತ್ತ ನೆಲದಿಂದ ಒಂದು ಹಿಡಿ ಮಣ್ಣಿನ ಪರೀಕ್ಷೆ, ಇಷ್ಟಿದ್ದರೆ ಮಾದರಿಕಾರರೇ ಇದನ್ನು ಅಳೆಯಬಹುದು. ಒಂದೇ ಮಣ್ಣಿನಲ್ಲಿ 1/6, 1/4, 1/3 ಗಾತ್ರದ ಮೂರು ಎಂಜಿನ್‌ಗಳು ಎಷ್ಟೆಷ್ಟು ಎಳೆತಕ್ಕೆ ಸರಿಯತೊಡಗಿದವು ಎಂಬ ಮೂರು ಅಂಕಿಗಳು, ‘ಚೆನ್ನಾಗಿ ಉತ್ತಿತು’ ಎಂಬ ನೂರು ವರದಿಗಳಿಗಿಂತ ಹೆಚ್ಚು ಉಪಯುಕ್ತ. ಆ ಅಂಕಿಗಳು ಗಾತ್ರ ಹಿಗ್ಗಿದಂತೆ ನನ್ನ ಲೆಕ್ಕದತ್ತ ಏರದಿದ್ದರೆ, ಲಂಗರಿನ ವಾದವನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ.